ಗಂಟೆಗೆ ಎಂಟು ಮೈಲಿ

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯ ಭೂಪಟವನ್ನು ಹರಡಿಕೊಂಡು ನೋಡಿದರೆ ಒಂದು ಸಂಗತಿ ಕೂಡಲೆ ಕಣ್ಣಿಗೆ ಬೀಳುತ್ತದೆ. ಅಟ್ಲಾಂಟಿಕ್ ಮಹಾಸಾಗರಕ್ಕೂ ನೆಲಕ್ಕೂ ನಡುವೆ ಕಿರಿದಾದ ಮರಳ ದ್ವೀಪಗಳು, ಹಳೆಯ ಮನೆಯ ಪೌಳಿಗೋಡೆಯಂತೆ ಸಾಲಾಗಿ ನಿಂತಿವೆ. ಗೋಡೆಯ ಹೊರಗೆ ಮಹಾಸಾಗರದ ಆರ್ಭಟ. ಒಳಗೆ ಹಿನ್ನೀರು, ಹೊಳೆ, ಕೊಲ್ಲಿ, ಜವುಗು. ಈ ಒಳನೀರುಗಳನ್ನು ಅಲ್ಲಲ್ಲಿ ಕಾಲುವೆ ತೋಡಿ ಒಂದಕ್ಕೊಂದು ಕೂಡಿಸಿ, ವರ್ಜೀನಿಯದ ನಾರ್ಫೋಕ್ ನಗರದಿಂದ ಫ್ಲಾರಿಡದ ಮಯಾಮಿಯವರೆಗೆ ಸುಮಾರು 1,100 ಮೈಲಿ ಉದ್ದದ ನೀರಿನ ದಾರಿಯೊಂದನ್ನು ಮಾಡಿದ್ದಾರೆ. 'ಇಂಟ್ರಾಕೋಸ್ಟಲ್ ವಾಟರ್‌ವೇ' ಎಂದು ಅದರ ಹೆಸರು; ನಾವು ಕರಾವಳಿಯ ಒಳಜಲಮಾರ್ಗವೆನ್ನಬಹುದು. ಕೋರಮಂಡಲ ತೀರದ ಬಕಿಂಗ್‌ಹ್ಯಾಮ್ ಕಾಲುವೆಯನ್ನು ಕಂಡವರಿಗೆ ಇದರ ಕಲ್ಪನೆ ಸುಲಭ. ಆ ದೇಶದ ಭೂಸೇನೆಯ ಎಂಜಿನಿಯರುಗಳ ದಳ ಇದರ ಹೂಳೆತ್ತಿ ಕಾಪಾಡುತ್ತದೆ. 1942ರಲ್ಲಿ ಜರ್ಮನರ ಜಲಾಂತರ್ಗಾಮಿಗಳು ಇದೇ ತೀರದ ಹೊರಗಡಲಿನಲ್ಲಿ ಸರಕಿನ ಹಡಗುಗಳನ್ನು ಮುಳುಗಿಸುತ್ತಿದ್ದಾಗ ಈ ಒಳದಾರಿಯ ಬೆಲೆ ಏನೆಂಬುದು ಎಲ್ಲರಿಗೂ ತಿಳಿಯಿತು.

ಇಂದು ಈ ದಾರಿಯಲ್ಲಿ ಸರಕಿಗಿಂತಲೂ ಹೆಚ್ಚಾಗಿ ಕಾಣುವುದು ಗಂಡಹೆಂಡಿರು! ಚಳಿಗಾಲ ಸಮೀಪಿಸುತ್ತಿದ್ದಂತೆ ಉತ್ತರದ ಊರುಗಳಿಂದ ನೂರಾರು ದಂಪತಿಗಳು ಸ್ವಂತ ದೋಣಿಗಳಲ್ಲಿ ದಕ್ಷಿಣದ ಬಿಸಿಲನ್ನು ಅರಸಿ ಹೊರಡುತ್ತಾರೆ. ವಸಂತ ಬಂದಾಗ ಹಿಂತಿರುಗುತ್ತಾರೆ. 'ಹಿಮದ ಹಕ್ಕಿಗಳು' ಎಂದು ಅವರಿಗೆ ಅಡ್ಡಹೆಸರು. ಹೆಚ್ಚಿನವರು ನಿವೃತ್ತರು. ಮನೆಯನ್ನು ಬೀಗ ಹಾಕಿ ಅಥವಾ ಮಾರಿಯೇ ಬಂದವರು.

2022ರ ದಸರಾ ರಜೆಯಲ್ಲಿ ನಾನು ನಾರ್ಫೋಕ್‌ನಲ್ಲಿರುವ ಅಕ್ಕ-ಭಾವಂದಿರ ಮನೆಗೆ ಹೋಗಿದ್ದೆ. ಅವರ ನೆರೆಮನೆಯವರೇ ಇಂಥ ಒಂದು ಜೋಡಿ. ಹೆಸರು ಅಚ್ಚಾಗುವುದು ಅವರಿಗೆ ಒಪ್ಪಿಗೆಯಿಲ್ಲ. ಆದ್ದರಿಂದ ಯಜಮಾನರು, ಯಜಮಾನಿ ಎಂದೇ ಕರೆಯುತ್ತೇನೆ. ಆತ ಎಪ್ಪತ್ತೆರಡು ವರ್ಷದ ನಿವೃತ್ತ ಗಣಿತದ ಉಪಾಧ್ಯಾಯರು. ಆಕೆ ಆತನಿಗಿಂತ ನಾಲ್ಕು ವರ್ಷ ಕಿರಿಯಳು. ಗ್ರಂಥಾಲಯವೊಂದರಲ್ಲಿ ಕೆಲಸ ಮಾಡಿದವಳು. "ನಮ್ಮೊಡನೆ ಬೋಫರ್ಟ್ ಊರಿನವರೆಗೆ ಬನ್ನಿ. ಇನ್ನೂರು ಮೈಲಿ, ಒಂದು ವಾರ. ಅಲ್ಲಿಂದ ನಿಮ್ಮ ಭಾವ ಕಾರಿನಲ್ಲಿ ಕರೆದೊಯ್ಯಲಿ" ಎಂದರು. ಇನ್ನೂರು ಮೈಲಿಗೆ ಒಂದು ವಾರವೆ ಎಂದು ನಾನು ಬೆರಗಾದೆ. ಭಾವ ನಕ್ಕು, "ಅದೇ ಅಲ್ಲಿಯ ಸುಖ" ಎಂದರು. ಅಕ್ಕ ಅವಲಕ್ಕಿ, ಚಟ್ನಿಪುಡಿ, ಒಂದು ಸೀಸೆ ಮಾವಿನ ಉಪ್ಪಿನಕಾಯಿ ಕಟ್ಟಿಕೊಟ್ಟಳು.

ದೋಣಿಯ ಉದ್ದ ಮೂವತ್ತಾರು ಅಡಿ. ಮುಂಭಾಗದಲ್ಲಿ ಮಲಗುವ ಗೂಡು. ನಡುವೆ ಒಂದು ಕೋಣೆ, ಅದರಲ್ಲೇ ಎರಡು ಉರಿಯ ಒಲೆ, ಊಟದ ಮೇಜು, ಪುಸ್ತಕದ ಗೂಡು, ಚುಕ್ಕಾಣಿ ಚಕ್ರ. ಕೆಳಗೆ ಒಂದೇ ಒಂದು ಡೀಸೆಲ್ ಯಂತ್ರ. ಅದು ಗಂಟೆಗೆ ಎರಡು ಗ್ಯಾಲನ್ನಿನಷ್ಟು ಎಣ್ಣೆ ಕುಡಿದು ದೋಣಿಯನ್ನು ಏಳು ನಾಟ್ ವೇಗದಲ್ಲಿ, ಎಂದರೆ ಗಂಟೆಗೆ ಎಂಟು ಮೈಲಿಯಂತೆ, ಒಯ್ಯುತ್ತದೆ. ಕತ್ತಲಾದ ಮೇಲೆ ಪಯಣವಿಲ್ಲ. ದಿನಕ್ಕೆ ಐವತ್ತು ಮೈಲಿಯಾದರೆ ಬಹಳವಾಯಿತು. ಈ ಲೆಕ್ಕದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಎರಡು ದಿನದ ದಾರಿ!

ಹೊರಡುವ ದಿನ ಬೆಳಗ್ಗೆ ಯಜಮಾನರು ಕಾಫಿಯ ಬಟ್ಟಲನ್ನು ಕೆಳಗಿಟ್ಟು, "ಇವತ್ತು ನಾನಿಲ್ಲ" ಎಂದರು. ಎಂದವರು ಕುರ್ಚಿಯಲ್ಲಿ ಕುಳಿತು ಪತ್ರಿಕೆ ಬಿಡಿಸಿದರು. ಯಜಮಾನಿ ಮರುಮಾತಿಲ್ಲದೆ ಎದ್ದಳು. ನೆಲದ ಹಲಗೆ ಎತ್ತಿ ಯಂತ್ರದ ಎಣ್ಣೆಯ ಮಟ್ಟ ನೋಡಿದಳು, ಪಟ್ಟಿಯನ್ನು ಬೆರಳಿನಿಂದ ಒತ್ತಿ ಪರೀಕ್ಷಿಸಿದಳು, ಹವಾಮಾನದ ವರದಿ ಕೇಳಿದಳು, ಹಗ್ಗಗಳನ್ನು ಬಿಚ್ಚಿಕೊಂಡು ದೋಣಿಯನ್ನು ಹೊರಗೆ ತಂದಳು. ಆತ ಅದು ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ ಪುಟ ತಿರುವುತ್ತಿದ್ದರು. ಈ ವಿಚಿತ್ರವಾದ ಆಟದ ಅರ್ಥ ನನಗೆ ಆಗಲೇ ತಿಳಿಯಲಿಲ್ಲ.

ನೌಕಾಪಡೆಯ ಕಾರ್ಖಾನೆಯ ಬೂದುಬಣ್ಣದ ಹಡಗುಗಳನ್ನು ದಾಟಿದೆವು. ಏಳನೆಯ ಮೈಲಿಯಲ್ಲಿ ದಾರಿ ಎರಡಾಗಿ ಕವಲೊಡೆಯುತ್ತದೆ. ನೇರವಾದದ್ದು ದೊಡ್ಡ ದೋಣಿಗಳ ದಾರಿ. ಬಲಕ್ಕೆ ಹೊರಳುವುದು ಡಿಸ್ಮಲ್ ಸ್ವಾಂಪ್ ಕಾಲುವೆ. ಮಂಕು ಜವುಗು ಎಂದು ಹೆಸರಿನ ಅರ್ಥ. ಬಾಯಲ್ಲಿ ಒಂದು ಲಾಕ್, ಎಂದರೆ ಎರಡು ಕಡೆಗೂ ಬಾಗಿಲಿರುವ ನೀರಿನ ಕೋಣೆ. ದೋಣಿ ಒಳಹೊಕ್ಕ ಮೇಲೆ ಹಿಂದಿನ ಬಾಗಿಲು ಮುಚ್ಚಿ ನೀರು ಬಿಡುತ್ತಾರೆ. ತೊಟ್ಟಿಲನ್ನು ಎತ್ತಿದ ಹಾಗೆ ದೋಣಿ ಎಂಟು ಅಡಿ ಮೇಲಕ್ಕೆ ಬರುತ್ತದೆ. ಮುಂದಿನ ಬಾಗಿಲು ತೆರೆಯುತ್ತದೆ. ಇಪ್ಪತ್ತೆರಡು ಮೈಲಿಯ ಕಾಲುವೆ ದಾಟಿದ ಮೇಲೆ ಇನ್ನೊಂದು ಲಾಕ್ ನಿಮ್ಮನ್ನು ಮತ್ತೆ ಕೆಳಗಿಳಿಸುತ್ತದೆ.

ಆ ಕಾಲುವೆಯ ಸೊಬಗನ್ನು ಏನೆಂದು ಹೇಳಲಿ! ಮರಗಳ ತೊಗಟೆಯ ಒಗರು ಇಳಿದು ನೀರು ನಮ್ಮ ಕಾಫಿಯ ಡಿಕಾಕ್ಷನ್ನಿನ ಬಣ್ಣ. ಅಲೆಯಿಲ್ಲ, ಗಾಳಿಯಿಲ್ಲ. ಎರಡು ದಡಗಳ ಮರಗಳೂ ಆಕಾಶವೂ ಕನ್ನಡಿಯಲ್ಲಿ ಕಂಡಂತೆ ತಲೆಕೆಳಗಾಗಿ ಕಾಣುತ್ತಿದ್ದವು. ನಾನು ಮೈಮರೆತು ಕುಳಿತಿದ್ದೆ. ಆಗ ಯಜಮಾನಿ ಗೂಡಿನಿಂದ ಒಂದು ತೆಳುವಾದ ಪುಸ್ತಕ ತೆಗೆದು ನನ್ನ ಕೈಗಿತ್ತು, "ಈ ದೋಣಿಯಲ್ಲಿ ಬಂದವರೆಲ್ಲ ಇದನ್ನು ಈ ಕಾಲುವೆಯ ಮೇಲೆಯೇ ಓದಬೇಕು. ಅದು ನನ್ನ ನಿಯಮ" ಎಂದಳು.

ಅದು ಮೋಸೆಸ್ ಗ್ರಾಂಡಿ ಎಂಬಾತನ ಆತ್ಮಕಥೆ. 1843ರಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು. ಈ ಕಾಲುವೆಯನ್ನು ತೋಡಲು ಆರಂಭಿಸಿದ್ದು 1793ರಲ್ಲಿ. ದೋಣಿಗಳು ಓಡಾಡತೊಡಗಿದ್ದು 1805ರಲ್ಲಿ. ತೋಡಿದವರು ಒಡೆಯರಿಂದ ಬಾಡಿಗೆಗೆ ತಂದ ಗುಲಾಮರು. ಸೊಂಟದ ಮಟ್ಟದ, ಕೆಲವೊಮ್ಮೆ ಅದಕ್ಕೂ ಆಳವಾದ ಕೆಸರಿನಲ್ಲಿ ನಿಂತು ಬೇರು ಕಡಿದು ಮಣ್ಣೆತ್ತಿದರು. ಗ್ರಾಂಡಿಯೂ ಗುಲಾಮನೇ. ಇದೇ ನೀರಿನಲ್ಲಿ ಸರಕಿನ ದೋಣಿ ನಡೆಸಿ, ಒಡೆಯನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ಉಳಿದ ಕಾಸನ್ನು ಕೂಡಿಟ್ಟು ತನ್ನ ಬಿಡುಗಡೆಯ ಬೆಲೆ ತೆತ್ತ. ಒಡೆಯ ಹಣ ತೆಗೆದುಕೊಂಡು ಆತನನ್ನು ಮಾರಿಬಿಟ್ಟ. ಎರಡನೆಯ ಒಡೆಯನೂ ಹಾಗೆಯೇ ವಂಚಿಸಿದ. ಮೂರನೆಯ ಸಲ ಬೆಲೆ ತೆತ್ತ ಮೇಲೆಯೇ ಆತ ಸ್ವತಂತ್ರನಾದದ್ದು. ಇತ್ತ ಇದೇ ಜವುಗಿನ ಒಳಗೆ, ಬೇಟೆನಾಯಿಗಳಿಗೂ ಎಟುಕದ ನೆಲದಲ್ಲಿ, ತಪ್ಪಿಸಿಕೊಂಡ ಗುಲಾಮರು ತಲೆಮಾರುಗಳ ಕಾಲ ಅಡಗಿ ಬಾಳಿದರು.

ಪುಸ್ತಕ ಮುಗಿಸಿ ತಲೆಯೆತ್ತಿದಾಗ ನೀರು ಅದೇ ನೀರು, ಮರ ಅದೇ ಮರ. ಆದರೂ ನೋಟ ಬೇರೆಯಾಗಿತ್ತು. ನಾವು ಪುರುಸೊತ್ತಾಗಿ ತೇಲುತ್ತಿದ್ದ ಹಾದಿಯನ್ನು ಒಂದು ಗಳಿಗೆಯೂ ತಮ್ಮದೆನ್ನುವಂತಿಲ್ಲದ ಜನ ಅಗೆದಿದ್ದರು. "ಓದಿದರೆ ಪಯಣದ ಸಂತೋಷ ಕಡಿಮೆಯಾಗುವುದಿಲ್ಲವೆ?" ಎಂದು ಕೇಳಿದೆ. "ಸಂತೋಷ ಕಡಿಮೆಯಾಗುವುದಿಲ್ಲ, ಜಂಬ ಕಡಿಮೆಯಾಗುತ್ತದೆ" ಎಂದಳು ಆಕೆ.

ಮರುದಿನ ಮಧ್ಯಾಹ್ನ ಎಲಿಜಬೆತ್ ಸಿಟಿ ಎಂಬ ಊರನ್ನು ತಲಪಿದೆವು. ಈ ಊರಿನ ಧಕ್ಕೆಯಲ್ಲಿ 1983ರಲ್ಲಿ ಇಬ್ಬರು ಹಿರಿಯರು ಬಂದ ದೋಣಿಯ ಹೆಂಗಸರಿಗೆಲ್ಲ ಒಂದೊಂದು ಗುಲಾಬಿ ಹೂವು ಕೊಟ್ಟು ಸ್ವಾಗತಿಸುವ ಪದ್ಧತಿಯನ್ನು ಆರಂಭಿಸಿದರಂತೆ. ಅದರಿಂದ ಊರಿಗೆ ದೋಣಿಗರ ನಡುವೆ ದೊಡ್ಡ ಹೆಸರು ಬಂದಿದೆ. ಇಲ್ಲಿಂದ ಮುಂದೆ ಆಲ್ಬೆಮಾರ್ಲ್ ಸೌಂಡ್ ಎಂಬ ಅಗಲವಾದ ಹಿನ್ನೀರನ್ನು ಅಡ್ಡಹಾಯಬೇಕು. ಹಿನ್ನೀರೆಂದು ಅಸಡ್ಡೆ ಮಾಡುವಂತಿಲ್ಲ. ಆಳ ಕಡಿಮೆಯಾದ್ದರಿಂದ ಗಾಳಿ ಎದ್ದರೆ ಅಲೆಗಳು ಕಡಿದಾಗಿ, ಒಂದರ ಹಿಂದೊಂದು ಒತ್ತೊತ್ತಾಗಿ ಏಳುತ್ತವೆ.

ಅಂದು ರಾತ್ರಿ ಧಕ್ಕೆಯ ಕಲ್ಲುಬೆಂಚಿನ ಮೇಲೆ ಯಜಮಾನರು ನನಗೆ ಆಟದ ಅರ್ಥ ಹೇಳಿದರು. ಎರಡು ವರ್ಷದ ಹಿಂದೆ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿತ್ತು. ದೋಣಿಯನ್ನು ಮಾರೋಣವೆಂದು ಅವರು, ಬೇಡವೆಂದು ಆಕೆ. "ನಲವತ್ತು ವರ್ಷ ಚುಕ್ಕಾಣಿ ನನ್ನ ಕೈಯಲ್ಲಿ, ಅಡಿಗೆ ಅವಳ ಕೈಯಲ್ಲಿ. ಹೊಳೆಯ ನಡುವೆ ನಾನು ಕುಸಿದರೆ ಅವಳು ಏನು ಮಾಡಬೇಕು? ಅದಕ್ಕೆ ಅವಳೇ ಈ ಕರಾರು ಮಾಡಿದಳು. ದಿನ ಬಿಟ್ಟು ದಿನ ನಾನು ದೋಣಿಯಲ್ಲಿ ಇಲ್ಲ. ಕೇಳಿದರೂ ಹೇಳಕೂಡದು, ಕೈ ಹಾಕಕೂಡದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲದಿರುವುದನ್ನು ಕಲಿಯುವುದು ಬಹಳ ಕಷ್ಟ, ಸ್ವಾಮಿ" ಎಂದರು.

ಮಾರನೆಯ ಬೆಳಗ್ಗೆ ಗಾಳಿ ಜೋರಾಗಿತ್ತು. ಸರದಿಯ ಪ್ರಕಾರ ಅಂದು ಆತ ಇಲ್ಲ. ಅಕ್ಕಪಕ್ಕದ ಎರಡು ದೋಣಿಗಳು ಹೊರಟುಹೋದವು. ಆತನ ಮುಖದಲ್ಲಿ ಹೋಗೋಣವೆಂಬ ಆತುರ ಸ್ಪಷ್ಟವಾಗಿ ಕಾಣುತ್ತಿತ್ತು. ಯಜಮಾನಿ ಧಕ್ಕೆಯ ತುದಿಗೆ ನಡೆದುಹೋಗಿ ಬಾವುಟ ನೋಡಿದಳು. ಹಿಂದಕ್ಕೆ ಬಂದು, "ಇವತ್ತು ಬಟ್ಟೆ ಒಗೆಯೋಣ" ಎಂದಳು. ಆಕೆ ನಿಲ್ಲುವುದೆಂದು ಹೇಳಿದ ಮೇಲೆ ನಿಂತಂತೆಯೇ. ಆ ದಿನ ಅವಲಕ್ಕಿಗೆ ಉಪ್ಪಿನಕಾಯಿ ಬೆರೆಸಿ ಮೂವರೂ ತಿಂದೆವು. ಸಂಜೆಗೆ ಸೀಸೆ ಅರ್ಧವಾಗಿತ್ತು. ಬೆಳಗ್ಗೆ ಹೋದ ದೋಣಿಗಳಲ್ಲಿ ಒಂದು ಮಧ್ಯಾಹ್ನದ ವೇಳೆಗೆ ತೊಯ್ದು ತೊಪ್ಪೆಯಾಗಿ ಹಿಂತಿರುಗಿತು. ಯಾರೂ ಅದರ ಮಾತೆತ್ತಲಿಲ್ಲ. ನಿಂತ ದಿನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಮರುದಿನವೂ ಆಕೆಯ ಸರದಿಯೇ.

ನಸುಕಿನಲ್ಲಿ ಹೊರಟಾಗ ನೀರು ನುಣುಪಾಗಿತ್ತು. ಏಡಿ ಹಿಡಿಯುವ ಬೋನುಗಳ ತೇಲುಗುಂಡುಗಳನ್ನು ಕಂಡೊಡನೆ ಕೂಗಿ ಹೇಳುವುದು ನನ್ನ ಕೆಲಸ; ಅವುಗಳ ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ದೋಣಿ ನಿಂತಂತೆಯೇ. ನಡುನೀರಿಗೆ ಬಂದಾಗ, ವರದಿಯಲ್ಲಿ ಇಲ್ಲದಿದ್ದ ಗಾಳಿ ಪಶ್ಚಿಮದಿಂದ ಎದ್ದಿತು. ಅರ್ಧ ಗಂಟೆಯಲ್ಲಿ ದೋಣಿ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಾಡತೊಡಗಿತು. ಗೂಡಿನಿಂದ ಪುಸ್ತಕಗಳು ಉರುಳಿದವು. ನನ್ನ ಹೊಟ್ಟೆಯೂ ಕದಡಿತು. ಯಜಮಾನರು ಎರಡು ಕೈಗಳಿಂದಲೂ ಮೇಜಿನ ಅಂಚನ್ನು ಹಿಡಿದು ಕುಳಿತಿದ್ದರು. ಬೆರಳುಗಳ ಗೆಣ್ಣು ಬಿಳಿಚಿದ್ದವು, ತುಟಿ ಬಿಚ್ಚಲಿಲ್ಲ. ಯಜಮಾನಿ ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ದಾರಿಯ ಗೆರೆಯನ್ನು ಬಿಟ್ಟು ದೋಣಿಯ ಮುಖವನ್ನು ಅಲೆಗೆ ಓರೆಯಾಗಿ ತಿರುಗಿಸಿ, ಸ್ವಲ್ಪ ದೂರ ಹೋಗಿ, ಮತ್ತೆ ಇಳಿಮುಖವಾಗಿ ತಿರುಗಿಸಿ, ಅಂಕುಡೊಂಕಾಗಿ ನಡೆಸಿದಳು. ದಾರಿ ಉದ್ದವಾಯಿತು, ಹೊರಳಾಟ ತಗ್ಗಿತು.

ಮುಂದೆ ಅಲಿಗೇಟರ್ ನದಿಯ ಮುಖ. ಅಲ್ಲಿ ಹೆದ್ದಾರಿಯ ಸೇತುವೆಯೊಂದಿತ್ತು; ದೋಣಿ ಬಂದಾಗ ಅದರ ನಡುಭಾಗ ಬಾಗಿಲಿನಂತೆ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತಿತ್ತು. ಗಾಳಿ ಮಿತಿಮೀರಿದರೆ ತೆರೆಯುವುದಿಲ್ಲ. ಆಕೆ ರೇಡಿಯೋದಲ್ಲಿ ಸೇತುವೆಯವನನ್ನು ಕರೆದು, ದೋಣಿಯ ಹೆಸರು ಹೇಳಿ, ದಾರಿ ಕೇಳಿದಳು. ಉತ್ತರ ಬರುವವರೆಗಿನ ಆ ಕೆಲವು ಕ್ಷಣ ನಮಗೆ ಬಹಳ ದೀರ್ಘವಾದುವು. "ಬನ್ನಿ, ಕ್ಯಾಪ್ಟನ್" ಎಂಬ ದನಿ ಬಂತು. ಸೇತುವೆಯ ಮೇಲೆ ವಾಹನಗಳು ಸಾಲುಗಟ್ಟಿ ನಿಂತವು; ನಡುವೆ ನಮ್ಮ ಪುಟ್ಟ ದೋಣಿ ಗಂಟೆಗೆ ಎಂಟು ಮೈಲಿಯಂತೆ ಗಂಭೀರವಾಗಿ ದಾಟಿತು. ನದಿಯ ಮರೆಯಲ್ಲಿ ಲಂಗರು ಇಳಿಸಿದ ಮೇಲೆ ಯಜಮಾನರು ಎದ್ದು ಮೂರು ಬಟ್ಟಲು ಚಹ ಮಾಡಿದರು. ಮೊದಲ ಬಟ್ಟಲನ್ನು ಆಕೆಯ ಕೈಗೆ ಕೊಟ್ಟು, "ನಾನಿದ್ದಿದ್ದರೆ ನೇರವಾಗಿ ಹೋಗುತ್ತಿದ್ದೆ" ಎಂದರು. "ಗೊತ್ತು. ಅದಕ್ಕೇ ನೀನು ಇರಲಿಲ್ಲ" ಎಂದಳು ಆಕೆ. ಇಬ್ಬರೂ ಬಹಳ ಹೊತ್ತು ನಕ್ಕರು.

ಅಲ್ಲಿಂದ ಮುಂದಿನ ದಾರಿ ಸುಗಮ. ಅಲಿಗೇಟರ್ ಮತ್ತು ಪಂಗೊ ನದಿಗಳನ್ನು ಕೂಡಿಸುವ, ಗೆರೆ ಎಳೆದಂತೆ ನೆಟ್ಟಗಿರುವ ಇಪ್ಪತ್ತು ಮೈಲಿಗೂ ಮಿಕ್ಕ ಕಾಲುವೆಯನ್ನು ದಾಟಿದೆವು. ಅದರ ಬಳಿಯ ಅರಣ್ಯದಲ್ಲಿ, ಕಾಡಿನಲ್ಲಿ ಅಳಿದೇಹೋಗಿದ್ದ ಕೆಂಪು ತೋಳಗಳನ್ನು 1987ರಲ್ಲಿ ಮತ್ತೆ ತಂದು ಬಿಟ್ಟರು. ನಮಗೆ ಒಂದೂ ಕಾಣಲಿಲ್ಲ. ಆಮೇಲೆ ಪಾಮ್ಲಿಕೊ, ನ್ಯೂಸ್ ಎಂಬ ಅಗಲವಾದ ಹೊಳೆಗಳು. ದಾರಿಯುದ್ದಕ್ಕೂ ಗುರುತಿನ ಕಂಬಗಳಿವೆ; ದಕ್ಷಿಣಕ್ಕೆ ಹೋಗುವವರಿಗೆ ಕೆಂಪು ಬಲಕ್ಕೆ, ಹಸುರು ಎಡಕ್ಕೆ. ಒಂದನ್ನು ತಪ್ಪಿದರೆ ದೋಣಿ ಹೂಳಿನಲ್ಲಿ ಕೂರುತ್ತದೆ. ವಿಹಾರವೆಂದು ನಾವು ಕರೆಯುವ ಈ ಪಯಣದಲ್ಲಿ ಗಾಳಿಗೆ, ಆಳಕ್ಕೆ, ಸೇತುವೆಗೆ, ಬೆಳಕಿಗೆ ವಿಧೇಯರಾಗದೆ ಒಂದು ಗಳಿಗೆಯೂ ನಡೆಯುವುದಿಲ್ಲ. ಪುರುಸೊತ್ತು ಎಂದರೆ ಕೆಲಸವಿಲ್ಲದಿರುವುದಲ್ಲ, ಅವಸರಕ್ಕೆ ಒಳಗಾಗದಿರುವುದು. ಅದನ್ನು ಆ ದಂಪತಿಗಳು ಪ್ರತಿ ಬೆಳಗ್ಗೆಯೂ ಹೊಸದಾಗಿ ಸಂಪಾದಿಸಬೇಕಾಗಿತ್ತು.

ಬೋಫರ್ಟ್ ಸಣ್ಣ ಊರು. ಧಕ್ಕೆಯ ಎದುರಿನ ದ್ವೀಪಗಳಲ್ಲಿ ಕಾಡುಕುದುರೆಗಳು ಮೇಯುತ್ತವೆ. ಭಾವ ಕಾರಿನೊಡನೆ ಕಾದಿದ್ದರು. ದಂಪತಿಗಳಿಗೆ ಇನ್ನೂ ಒಂಬೈನೂರು ಮೈಲಿ ಉಳಿದಿತ್ತು. ದೋಣಿಯ ದಿನಚರಿ ಪುಸ್ತಕದಲ್ಲಿ ನನ್ನ ಸಹಿಯನ್ನೂ ಹಾಕಿಸಿಕೊಂಡರು. ಅದರಲ್ಲಿ ಪ್ರತಿ ದಿನದ ಎದುರಿಗೂ ಕ್ಯಾಪ್ಟನ್ ಯಾರೆಂದು ಬರೆಯುವ ಕಾಲಂ ಇದೆ. ಆತನ ಹೆಸರು, ಆಕೆಯ ಹೆಸರು, ಒಂದರ ಕೆಳಗೊಂದು. ಅವರಿಬ್ಬರಿಗೂ ಉಪ್ಪಿನಕಾಯಿಯ ಸೀಸೆಯನ್ನು ಬಿಟ್ಟು ಬಂದೆ.

ಡಿಸೆಂಬರ್ ಕೊನೆಯಲ್ಲಿ ಮೈಸೂರಿನ ನನ್ನ ವಿಳಾಸಕ್ಕೆ ಒಂದು ಚಿತ್ರದ ಕಾರ್ಡು ಬಂತು. ಮೇಲೆ ಮಯಾಮಿಯ ಕಡಲತೀರ. ಹಿಂಬದಿಯಲ್ಲಿ ಆಕೆಯ ಅಕ್ಷರದಲ್ಲಿ ಎರಡೇ ಸಾಲು: "ತಲಪಿದೆವು. ಇವತ್ತು ಇಬ್ಬರೂ ಇದ್ದೇವೆ."