ನಲವತ್ತನಾಲ್ಕು ಕಲ್ಲಿನ ಸಿಂಹಗಳು

ನ್ಯೂಯಾರ್ಕಿನ ಚೈನಾಟೌನಿನಲ್ಲಿ, ಮಲ್ಬೆರಿ ಬೀದಿಗೆ ತಾಗಿ ಕೊಲಂಬಸ್ ಪಾರ್ಕ್ ಇದೆ. ಬಿಸಿಲು ಹಿತವಾಗಿರುವ ಮಧ್ಯಾಹ್ನಗಳಲ್ಲಿ ಅಲ್ಲಿ ವಯಸ್ಸಾದವರು ಎರಡು ತಂತಿಯ ಎರ್‌ಹು ನುಡಿಸುತ್ತಾರೆ, ಕ್ಯಾಂಟನೀಸ್ ಸಂಗೀತನಾಟಕದ ಪದ ಹಾಡುತ್ತಾರೆ. ಪಕ್ಕದ ಮೇಜುಗಳಲ್ಲಿ ಇಸ್ಪೀಟು, ಚೀನೀ ಚದುರಂಗ. ಹೀಗೆ ಹಾಡುವವರ ಬುದ್ಧಿ ಮುಪ್ಪಿನಲ್ಲೂ ಚುರುಕಾಗಿ ಉಳಿಯುತ್ತದೆಯೇ? ಉತ್ತರ ಬೇಕೆಂದರೆ ಮೊದಲು ಬುದ್ಧಿಯನ್ನು ಅಳೆಯಬೇಕು. ತೊಡಕು ಶುರುವಾಗುವುದೇ ಅಲ್ಲಿ.

1975ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, 30 ಅಂಕಗಳ ಒಂದು ಸಣ್ಣ ಪರೀಕ್ಷೆ ಈಗಲೂ ಬಳಕೆಯಲ್ಲಿದೆ. ಇವತ್ತು ಯಾವ ತಾರೀಖು, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಈ ಮಾತನ್ನು ಹೇಳಿದ ಹಾಗೇ ಹೇಳಿ. ಆ ಮಾತು ಇಂಗ್ಲಿಷಿನಲ್ಲಿ ‘ಆದರೆ ಗೀದರೆ ಬೇಡ’ ಎನ್ನುವಂಥದ್ದು. ಅನುವಾದಿಸಿದರೆ ಅರ್ಥ ಉಳಿದೀತು, ನಾಲಗೆಗೆ ಇದ್ದ ತೊಡರು ಉಳಿಯದು. ಹಾಗಾಗಿ ಮ್ಯಾಂಡರಿನ್ ರೂಪದಲ್ಲಿ ‘ನಲವತ್ತನಾಲ್ಕು ಕಲ್ಲಿನ ಸಿಂಹಗಳು’ ಬಂದವು. ಮೂಲದಲ್ಲಿ ಸಕಾರ ಷಕಾರಗಳು ಒಂದರ ಕಾಲಿಗೊಂದು ತೊಡರುತ್ತವೆ. ತರೀಕೆರೆ ಏರಿಯ ಕುರಿಮರಿಗಳನ್ನು ಬಲ್ಲವರಿಗೆ ಈ ಆಟ ಹೊಸದಲ್ಲ. ಹಾಂಗ್‌ಕಾಂಗಿನ ಕ್ಯಾಂಟನೀಸ್ ರೂಪದಲ್ಲಿ ಸಿಂಹಗಳಿಲ್ಲ, ಚಿಕ್ಕಮ್ಮನ ಗಂಡ ಮೀನಿನ ಕರುಳು ಕೊಳ್ಳುತ್ತಾನೆ!

ಅಮೆರಿಕದ ಹಳೆಯ ಚೈನಾಟೌನುಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ದಕ್ಷಿಣ ಚೀನಾದ ತೈಶಾನ್ ಸುತ್ತಮುತ್ತಲಿನವರು. ಕ್ಯಾಂಟನೀಸಿನಲ್ಲಿ ಸಕಾರ ಷಕಾರಗಳ ಭೇದವೇ ಇಲ್ಲ. ಅದನ್ನಾಡುತ್ತ ಬೆಳೆದ ಅಜ್ಜಿ ಸಿಂಹಗಳ ಮುಂದೆ ತಡವರಿಸಿದರೆ ಅದು ಮರೆವಲ್ಲ, ಊರಿನ ಗುರುತು. ಅಂಕ ಮಾತ್ರ ಹೋಗುತ್ತದೆ. ಶಿಕಾಗೋದಲ್ಲಿ 2011ರಿಂದ 2013ರವರೆಗೆ 60 ದಾಟಿದ ಮೂರು ಸಾವಿರಕ್ಕೂ ಹೆಚ್ಚು ಚೀನೀಯರನ್ನು ಮಾತನಾಡಿಸಿದ ಅಧ್ಯಯನ, ಅವರವರು ಬಯಸಿದ ನುಡಿಯಲ್ಲೇ ಮಾತನಾಡಿಸಿತು. ಇದು ಸೌಜನ್ಯವಲ್ಲ, ಅಳತೆಗೋಲಿನ ಮೊದಲ ಷರತ್ತು.

ನುಡಿ ಸರಿಹೋದರೂ ಇನ್ನೊಂದು ಗಂಟು ಉಳಿಯುತ್ತದೆ. ಹಾಡಿದ್ದರಿಂದ ಬುದ್ಧಿ ಉಳಿಯಿತೋ, ಬುದ್ಧಿ ನೆಟ್ಟಗಿದ್ದವರೇ ಪಾರ್ಕಿನ ದಾರಿ ಹಿಡಿದರೋ? ಮಂಡಿನೋವಿನವರು, ದೂರದ ಬಡಾವಣೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಮನೆಯಲ್ಲೇ ಉಳಿದವರು ಲೆಕ್ಕದಲ್ಲಿ ‘ಹಾಡದವರು’. ಅವರನ್ನು ವರ್ಷಗಟ್ಟಲೆ ಹಿಂಬಾಲಿಸದೆ ಯಾವುದು ಮೊದಲೆಂದು ಹೇಳಲಾಗದು.

ಮನೆಯವರಿಗೆ ಕಾದಿರುವ ಮೋಸ ಬೇರೆಯದು. ಮರೆವಿನ ಕಾಯಿಲೆಯಲ್ಲಿ ಎಷ್ಟೋ ಸಲ ಹಳೆಯ ಹಾಡು ಕೊನೆಯವರೆಗೂ ಉಳಿದಿರುತ್ತದೆ. ಇಡೀ ಪದ ತಪ್ಪದೆ ಹಾಡುವ ಅಮ್ಮನಿಗೆ ಏನಾಗಿದೆ ಎಂದು ಮಗ ವೈದ್ಯರ ಬಳಿ ಹೋಗುವುದನ್ನು ಮುಂದೂಡುತ್ತಾನೆ. ಅಮ್ಮ ಹಾಡುತ್ತಲೇ ಇರುತ್ತಾರೆ. ಒಲೆಯ ಮೇಲಿಟ್ಟ ಅನ್ನ ಸೀಯುತ್ತಿರುತ್ತದೆ.