ಕ್ಯಾಲೆಂಡರ್ ಹಿಂದಿನ ಪ್ಲಗ್ಗು

ಈ ಸಲ ಧರಣಿ, ಮನವಿಪತ್ರದ ಸುದ್ದಿ ಅಲ್ಲ. ನಮ್ಮವ್ವನ ಮನೆ ಪ್ಲಗ್ಗಿನ ಬಗ್ಗೆ ಬರೀತಿದ್ದೀನಿ. ಉದ್ದ ಆಗುತ್ತೆ, ಆದರೂ ಓದಿ. ನಿಮ್ಮ ಮನೆಯಲ್ಲೂ ಇದೇ ಇರಬಹುದು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಗುಮಾಸ್ತ, ಇರೋದು ಕೊಟ್ಟೂರಲ್ಲಿ. ಅವ್ವ ಮಾತ್ರ ಕೂಡ್ಲಿಗಿ ಕಡೆಯ ನಮ್ಮೂರ ಕೇರಿ ಬಿಟ್ಟು ಬರೋದಿಲ್ಲ. ಹೋದ ತಿಂಗಳು ಒಂದಿನ ಪಕ್ಕದ ಮನೆ ಹುಡುಗನ ಫೋನಿಂದ ಮಾತಾಡಿದಳು. "ಯಪ್ಪಾ, ಲೈಟು ಉರೀತೈತಿ, ಫ್ಯಾನು ತಿರಗವಲ್ದು. ಮಿಕ್ಸಿನೂ ಇಲ್ಲ. ಫೋನಿಗೆ ಚಾರ್ಜ್ ಏರವಲ್ದು."

ಭಾನುವಾರ ಹೋದೆ. ಲೈಟು ಉರೀತಿದೆ ಅಂದ್ರೆ ಕಂಬದಿಂದ ಮೀಟರ್‌ವರೆಗೆ ತೊಂದರೆ ಇಲ್ಲ, ಅಷ್ಟು ನನಗೂ ಗೊತ್ತು. ಫ್ಯೂಜು ಕಿತ್ತು ನೋಡಿದೆ, ತಂತಿ ಸರಿ ಇತ್ತು. ಪ್ಲಗ್ಗಿಗೆ ಟೆಸ್ಟರ್ ಇಟ್ಟೆ, ಝಗ್ ಅಂತ ಉರೀತು. ಫ್ಯಾನು ಮಾತ್ರ ಮಿಸುಕಲಿಲ್ಲ. ಟೆಸ್ಟರ್ ಉರಿದ್ರೆ ಕರೆಂಟ್ ಐತಿ, ಪ್ಲಗ್ ಸರಿ ಐತಿ ಅಂತ ನಲವತ್ತು ವರ್ಷ ನಂಬಿದ್ದೋನು ನಾನು.

ಪೇಟೆಯಿಂದ ಎಲೆಕ್ಟ್ರೀಷಿಯನ್ ಕರೆಸಿದೆ. ಪಡಸಾಲೆಯ ಪ್ಲಗ್ಗಿಗೆ ಫ್ಯಾನು ಹಾಕ್ಸಿ, ಪಕ್ಕದ ಪ್ಲಗ್ಗಿನ ಎರಡೂ ತೂತಿಗೆ ಟೆಸ್ಟರ್ ಇಟ್ಟ. ಎರಡರಲ್ಲೂ ಉರೀತು. "ನ್ಯೂಟ್ರಲ್ ಕಟ್ಟಾಗೇತಿ ಸರ್. ಅರ್ತ್ ವೈರಿಂದ ಕೊಟ್‌ಬಿಡ್ತೀನಿ, ಐದು ನಿಮಿಷದ ಕೆಲಸ" ಅಂದ.

"ಎಲ್ಲಿ ಕಟ್ಟಾಗೇತಿ, ಹುಡುಕಿ ನೋಡಿ" ಅಂದೆ. ವೈರು ಹೋಗಿರೋದು ಅಡುಗೆಮನೆ ಒಳಗಿಂದ. ಅವನು ಅಡುಗೆಮನೆ ಬಾಗಿಲ ಕಡೆ ಒಂದ್ಸಲ ನೋಡಿದ. ಟೈಮಿಲ್ಲ ಸರ್, ಇನ್ನೊಂದು ಕಡೆ ಹೋಗಬೇಕು ಅಂದ. ಅವ್ವ ತಂದಿಟ್ಟ ನೀರಿನ ಚೊಂಬು ಇಟ್ಟಲ್ಲೇ ಇತ್ತು. ಜಾತಿಗೋಸ್ಕರನೇ ಹಿಂಗೆ ಮಾಡಿದ ಅಂತ ನಾನು ಆಣೆ ಮಾಡಿ ಹೇಳಲಾರೆ. ಅವ್ವ ಮಾತ್ರ ಏನೂ ಅನ್ನದೆ ಚೊಂಬು ತಗೊಂಡು ಒಳಗೆ ಹೋದಳು. ಆಕೆಗೆ ಅದು ರೂಢಿ.

ಅರ್ತ್‌ನಿಂದ ಕೊಡೋದು ಬೇಡ ಅಂತ ಅವನನ್ನ ಕಳಿಸಿಬಿಟ್ಟೆ. ಯಾಕೆ ಬೇಡ ಅಂದೆ ಅನ್ನೋದು ಆಗ ನನಗೇ ಸರಿಯಾಗಿ ಗೊತ್ತಿರಲಿಲ್ಲ.

ಮುಂದಿನ ವಾರ ನಮ್ಮಕ್ಕನ ಮಗ ಹರಪನಹಳ್ಳಿಯಿಂದ ಬಂದ. ಐಟಿಐ ಎಲೆಕ್ಟ್ರೀಷಿಯನ್ ಮಾಡ್ಯಾನೆ, ತೋರಣಗಲ್ಲು ಕಡೆ ಕಾಂಟ್ರಾಕ್ಟ್ ಕೆಲಸ, ರಜಾ ಇದ್ದಾಗ ಊರಿಗೆ ಬರ್ತಾನೆ. ಒಮ್ಮೆ ಕೇಳಿದ್ದೆ, ಊರಲ್ಲೇ ಮನೆ ವೈರಿಂಗ್ ಮಾಡಬಹುದಲ್ಲೋ ಅಂತ. "ಮಾವ, ಮನೆ ವೈರಿಂಗ್ ಅಂದ್ರೆ ಅಡುಗೆಮನೆ, ದೇವರಮನೆ ಒಳಗೆ ಹೋಗಬೇಕಲ್ಲ. ಯಾರು ಕರೀತಾರೆ?" ಅಂದಿದ್ದ. ಫ್ಯಾಕ್ಟರಿಯ ಪ್ಯಾನೆಲ್ಲಿಗೆ ದೇವರಮನೆ ಇರಲ್ಲ.

ಅವನು ಮೊದಲು ಮಾಡಿದ್ದು ಎಲ್ಲಾ ಪ್ಲಗ್ ಕೀಳಿಸಿದ್ದು. ಫ್ಯಾನು, ಮಿಕ್ಸಿ, ಚಾರ್ಜರ್, ಒಂದೂ ಇರಬಾರದು. ಈಗ ಟೆಸ್ಟರ್ ಇಟ್ಟ, ಫೇಜಿನ ತೂತಿನಲ್ಲಿ ಮಾತ್ರ ಉರೀತು. ಫ್ಯಾನು ಹಾಕಿ ಸ್ವಿಚ್ ಒತ್ತಿದ, ಎರಡರಲ್ಲೂ ಉರೀತು. "ನೋಡು ಮಾವ, ಕರೆಂಟು ಫ್ಯಾನಿನೊಳಗೆ ಹಾದು ನ್ಯೂಟ್ರಲ್ ಹಿಡಿದು ವಾಪಸ್ ಹೋಗಬೇಕು. ವಾಪಸ್ ದಾರಿ ಕಡಿದೈತಿ. ಅದಕ್ಕೆ ಅಲ್ಲೇ ಬಂದು ನಿಂತೈತಿ. ನ್ಯೂಟ್ರಲ್ ಅಂತ ಮುಟ್ಟಿದ್ರೆ ಹೊಡೀತೈತಿ." ಗೆಳೆಯರೇ, ಇದನ್ನ ನೆನಪಿಡಿ. ಕಪ್ಪು ವೈರು ಏನೂ ಮಾಡಲ್ಲ ಅಂತ ಧೈರ್ಯ ಮಾಡಬೇಡಿ.

ಮೇನ್ ಸ್ವಿಚ್ ಆಫ್ ಮಾಡಿ, ಮತ್ತೊಮ್ಮೆ ಟೆಸ್ಟರ್ ಇಟ್ಟು ನೋಡಿ, ಅಡುಗೆಮನೆಯಿಂದ ಹಿಂದಕ್ಕೆ ಒಂದೊಂದೇ ಬೋರ್ಡ್ ಬಿಚ್ಚುತ್ತಾ ಬಂದ. ಕೊನೆಗೆ ಪಡಸಾಲೆಯ ಕ್ಯಾಲೆಂಡರ್ ಎತ್ತಿದ.

ನನಗೆ ಎದೆ ಝಲ್ ಅಂತು. ಆ ಬೋರ್ಡು ನಮ್ಮಪ್ಪ ಹಾಕ್ಸಿದ್ದು. ನಮ್ಮ ಮನೆಗೆ ಕರೆಂಟು ಬಂದಿದ್ದು ಭಾಗ್ಯಜ್ಯೋತಿಯಲ್ಲಿ. ಆಗ ಬಡವರ ಮನೆಗೆ ಒಂದು ಬಲ್ಬು, ಒಂದೇ ಔಟ್‌ಲೆಟ್, ತಿಂಗಳಿಗೆ 18 ಯೂನಿಟ್. ಇನ್ನೊಂದು ಔಟ್‌ಲೆಟ್ ಸಿಕ್ಕರೆ ಎಲ್ಲರ ಹಾಗೆ ಬಿಲ್ಲು. ನಾನು ಐದನೇ ಕ್ಲಾಸಿದ್ದಾಗ ಅಪ್ಪ ರೇಡಿಯೋಕ್ಕೆ ಅಂತ ಒಂದು ಪ್ಲಗ್ ಹಾಕ್ಸಿದ. ಹಗಲು ಹೊತ್ತಲ್ಲ, ರಾತ್ರಿ. ಬಲ್ಬಿನ ವೈರಿಗೆ ತಿರುವಿ ಟೇಪ್ ಸುತ್ತಿದ್ದು ಅಷ್ಟೇ. ಮೀಟರ್ ಓದೋರು ಬಂದಾಗ ಕಾಣಬಾರದು ಅಂತ ಅದರ ಮೇಲೆ ಕ್ಯಾಲೆಂಡರ್. ವರ್ಷಾ ವರ್ಷಾ ಕ್ಯಾಲೆಂಡರ್ ಬದಲಾಯ್ತು, ಜಾಯಿಂಟ್ ಬದಲಾಗಲಿಲ್ಲ. ಆಮೇಲೆ ಬಂದ ಪ್ಲಗ್ಗುಗಳೆಲ್ಲ ಅದರಿಂದಲೇ ಎಳೆದವು.

1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುವಾಗ ಈ ದೇಶದ ವಿದ್ಯುತ್ ಯೋಜನೆಯ ತಳಪಾಯ ಹಾಕಿದವರಲ್ಲಿ ಬಾಬಾಸಾಹೇಬರು ಮುಖ್ಯರು. ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗಬೇಕು ಅಂದವರು ಅವರು. ಅವರ ಜನ ರೇಡಿಯೋ ಪ್ಲಗ್ಗನ್ನ ಕಳ್ಳಮಾಲಿನಂಗೆ ಮುಚ್ಚಿಟ್ಟುಕೊಂಡಿದ್ದರು.

ಲೆಕ್ಕ ನೋಡಿ. 230 ವೋಲ್ಟಿನಲ್ಲಿ 40 ವ್ಯಾಟಿನ ಬಲ್ಬು ಎಳೆಯೋದು 0.2 ಆಂಪಿಯರ್ ಕೂಡ ಇಲ್ಲ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ನಾಲ್ಕಕ್ಕೂ ಹೆಚ್ಚು. ತಿರುವಿದ ಜಾಯಿಂಟು ಸಡಿಲ ಆಗಿ, ಕಾದು ಕಾದು, ಟೇಪು ಕರಗಿ ಕರಿ ಹಿಡಿದಿತ್ತು. ನ್ಯೂಟ್ರಲ್ ಎಳೆ ಮುಟ್ಟಿದ ಕೂಡಲೇ ಕೈಗೆ ಬಂತು. ಬಲ್ಬಿನ ದಾರಿ ಅದಕ್ಕಿಂತ ಮುಂಚೆಯೇ ಒಡೆದು ಹೋಗಿದ್ದರಿಂದ ಲೈಟು ಉರೀತಿತ್ತು.

ಆಮೇಲೆ ಅವನು ಅರ್ತ್ ವೈರು ಎಲ್ಲಿಗೆ ಹೋಗಿದೆ ಅಂತ ಹಿಡ್ಕೊಂಡು ಹೋದ. ಅದು ಬಚ್ಚಲ ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿತ್ತು. ಹೊಸ ನೀರಿನ ಲೈನು ಹಾಕುವಾಗ ಗೋಡೆ ಆಚೆಗೆಲ್ಲ ಪ್ಲಾಸ್ಟಿಕ್ ಪೈಪು ಮಾಡಿದ್ದರು. ಅಂದ್ರೆ ಅರ್ತು ಭೂಮಿಗೆ ಸೇರೇ ಇರಲಿಲ್ಲ, ನಲ್ಲಿಗೆ ಬಂದು ನಿಂತಿತ್ತು. ಅವತ್ತು ಆ ಐದು ನಿಮಿಷದ ಕೆಲಸ ಆಗಿದ್ದರೆ ಫ್ಯಾನು ತಿರುಗ್ತಿತ್ತೋ ಇಲ್ಲವೋ, ಸ್ವಿಚ್ ಒತ್ತಿದಾಗೆಲ್ಲ ಆ ನಲ್ಲಿಗೆ ಕರೆಂಟು ಬರ್ತಿತ್ತು. ಅವ್ವ ದಿನಾ ಬೆಳಿಗ್ಗೆ ಸ್ನಾನ ಮಾಡೋದು ಅಲ್ಲೇ.

ನಾನು ಸ್ವಲ್ಪ ಹೊತ್ತು ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟೆ.

ಹಳೇ ವೈರು ಕಿತ್ತು ಹಾಕಿದೆವು. ಪ್ಲಗ್ಗುಗಳಿಗೆ ಮೀಟರ್ ಬೋರ್ಡಿನಿಂದ ಬೇರೆಯೇ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೊಂದು ಎಂಸಿಬಿ, ಕರೆಂಟು ಸೋರಿದ ಕೂಡಲೇ ಬಂದ್ ಆಗೋ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ಹಾಕಿ ಅರ್ತಿಂಗ್ ಮಾಡಿದೆವು. ಗುಂಡಿ ತೋಡಿದ್ದು ನಾನು. ಬೆನ್ನು ಇನ್ನೂ ನೋಯ್ತಿದೆ. ಗೃಹಜ್ಯೋತಿ ಬಂದು ಬಿಲ್ಲಿನ ಭಾರ ಇಳಿದಿದೆ, ಸಂತೋಷ. ಗೋಡೆ ಒಳಗಿನ ವೈರು ಮಾತ್ರ ಕೇರಿಯ ಎಷ್ಟೋ ಮನೆಯಲ್ಲಿ ಒಂದು ಬಲ್ಬಿನ ಕಾಲದ್ದೇ.

ಅಳಿಯ ಬೋರ್ಡ್ ಮುಚ್ಚಿದ ಮೇಲೆ ಅವ್ವ ಕ್ಯಾಲೆಂಡರ್ ತಗೊಂಡು ಬಂದು ಅದೇ ಮೊಳೆಗೆ ಹಾಕೋಕೆ ಹೋದಳು. "ಯವ್ವಾ, ಈಗ ಯಾಕದು?" ಅಂದೆ. "ಹೌದಲ್ಲ" ಅಂತ ನಕ್ಕು ಎದುರಿನ ಗೋಡೆಗೆ ಹಾಕಿದಳು.

ಸಂಜೆ ಪಕ್ಕದ ಮೂರು ಮನೆ ನೋಡಿದೆವು. ಎರಡರಲ್ಲಿ ಅರ್ತ್ ವೈರು ನಲ್ಲಿ ಪೈಪಿಗೇ ಸುತ್ತಿತ್ತು. ಅಳಿಯನಿಗೆ ಮತ್ತೆ ರಜಾ ಇರೋದು ಬರೋ ಭಾನುವಾರ. ಕೂಡ್ಲಿಗಿ, ಕೊಟ್ಟೂರು ಕಡೆ ಯಾರ ಮನೆಯಲ್ಲಾದರೂ ಲೈಟು ಉರಿದು ಪ್ಲಗ್ ನಡೀತಿಲ್ಲ ಅಂದ್ರೆ ಇನ್‌ಬಾಕ್ಸಿಗೆ ಹೇಳಿ, ಬರ್ತೀವಿ. ಅಷ್ಟರವರೆಗೆ ಯಾರಿಗೂ ಅರ್ತ್‌ನಿಂದ ಕನೆಕ್ಷನ್ ಕೊಡೋಕೆ ಬಿಡಬೇಡಿ. ನೀರು ಮಾತ್ರ ಕೊಡಬೇಕು, ನಾವು ಕುಡೀತೀವಿ.