ಈ ದುಡ್ಡು ಯಾರಿಗೆ ತಲುಪ್ತು?

ಬಜೆಟ್ ಶೀಟಿನಲ್ಲಿ ಗಂಡು, ಹೆಣ್ಣು ಅಂತ ಎಲ್ಲೂ ಬರೆದಿರುವುದಿಲ್ಲ. ಟ್ರೈನಿಂಗ್, ಪ್ರಯಾಣ, ಕ್ಯಾಬ್, ಬೋನಸ್ ಎಲ್ಲವೂ ಎಲ್ಲರಿಗೂ ಒಂದೇ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೂತು ಪ್ರತಿ ಮಾರ್ಚ್‌ನಲ್ಲೂ ಆ ಶೀಟ್ ತುಂಬುವವಳು ನಾನು. ಆದರೆ ಆ ‘ಒಂದೇ’ ಎಲ್ಲರಿಗೂ ಒಂದೇ ಥರ ತಲುಪುತ್ತಾ?

ಎರಡು ವರ್ಷದ ಹಿಂದೆ ಖರ್ಚು ಕಡಿಮೆ ಮಾಡಲು ಮೇಲಿನವರು ಸಂಜೆಯ ಕ್ಯಾಬ್ ನಿಲ್ಲಿಸಿದರು. ಗಂಡಸರು ಬೈಕ್ ಹತ್ತಿ ಹೋದರು. ಪಕ್ಕದ ಟೀಮಿನ ಗೆಳತಿಯ ಮನೆ ಊರಾಚೆ. ಬಸ್ ಇಳಿದ ಮೇಲೂ ಕತ್ತಲೆ ದಾರಿ. ಅವಳು ಆರೂವರೆಗೇ ಹೊರಡತೊಡಗಿದಳು. ಎಂಟು ಗಂಟೆಯ ಕ್ಲೈಂಟ್ ಕಾಲ್ ಬೇರೆಯವರ ಪಾಲಾಯಿತು, ಅದರ ಹಿಂದೆಯೇ ಪ್ರಮೋಷನ್ನೂ ಹೋಯಿತು. ಶೀಟಿನಲ್ಲಿ ಅದು ‘ಉಳಿತಾಯ’. ಆ ಉಳಿತಾಯದ ಬೆಲೆ ತೆತ್ತವಳು ಅವಳು.

ಸರ್ಕಾರಗಳು ಇಂಥ ಲೆಕ್ಕ ಶುರುಮಾಡಿ ಬಹಳ ಕಾಲವಾಯ್ತು. ಆಸ್ಟ್ರೇಲಿಯಾ 1984ರಲ್ಲೇ ಆರಂಭಿಸಿತು. ನಮ್ಮ ಕೇಂದ್ರ ಬಜೆಟ್ ಜೊತೆ 2005-06ರಿಂದ, ಕರ್ನಾಟಕದಲ್ಲಿ 2007-08ರಿಂದ ಜೆಂಡರ್ ಬಜೆಟ್ ಬರುತ್ತಿದೆ. ಪೂರ್ತಿ ಹಣ ಮಹಿಳೆಯರಿಗೇ ಮೀಸಲಾದ ಯೋಜನೆಗಳು ಒಂದು ಪಟ್ಟಿ, ಕನಿಷ್ಠ ಶೇ 30ರಷ್ಟು ಅವರಿಗೆ ಸಲ್ಲುವಂಥವು ಇನ್ನೊಂದು. ಜೆಂಡರ್ ಬಜೆಟ್ ಅಂದರೆ ಹೆಂಗಸರಿಗೆ ಬೇರೆ ಗಂಟು ಕಟ್ಟಿಡುವುದಲ್ಲ, ಇರುವ ದುಡ್ಡು ಯಾರ ಕೈ ಸೇರುತ್ತಿದೆ ಅಂತ ನೋಡುವುದು.

ಆಫೀಸಿಗೂ ಅದೇ ಪ್ರಶ್ನೆ ಸಾಕು. ಈ ಸಲ ಪ್ರತಿ ಖರ್ಚಿನ ಮುಂದೆ ‘ಎಷ್ಟು ಮಹಿಳೆಯರು, ಎಷ್ಟು ಪುರುಷರು’ ಅಂತ ಎರಡು ಕಾಲಂ ಹಾಕಿದೆ. ಟ್ರೈನಿಂಗ್ ಹಾಜರಿ, ಪ್ರಯಾಣದ ಬಿಲ್ಲು ಎಲ್ಲ ನಮ್ಮಲ್ಲೇ ಇದ್ದವು, ಎರಡು ಸಂಜೆಯ ಕೆಲಸ. ಬೇರೆ ಊರಿನ ಐದು ದಿನದ ಟ್ರೈನಿಂಗ್‌ಗಳಿಗೆ ಚಿಕ್ಕ ಮಕ್ಕಳ ತಾಯಂದಿರು ಒಬ್ಬರೂ ಹೋಗಿರಲಿಲ್ಲ. ಮುಂದೆ ಟೀಂ ಲೀಡರ್ ಆದವರೆಲ್ಲ ಆ ಟ್ರೈನಿಂಗ್ ಮುಗಿಸಿದವರೇ.

ಇನ್ನೊಂದು ಗಂಟು ಹೆರಿಗೆ ರಜೆಯದ್ದು. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿತು. ನಮ್ಮಲ್ಲಿ ಆ ರಜೆಯ ಸಂಬಳ, ಬದಲಿ ಕೆಲಸಗಾರರ ಸಂಬಳ ಎರಡೂ ಅದೇ ಟೀಮಿನ ಬಜೆಟ್‌ಗೆ ಬೀಳುತ್ತವೆ. ಹೊಸದಾಗಿ ಮದುವೆಯಾದವಳನ್ನು ಇಂಟರ್‌ವ್ಯೂನಲ್ಲಿ ಕಂಡಾಗ ಮ್ಯಾನೇಜರ್ ಯಾಕೆ ಹಿಂದೆಮುಂದೆ ನೋಡ್ತಾರೆ ಅನ್ನೋದು ಇಲ್ಲಿ ಗೊತ್ತಾಗುತ್ತೆ. ಅದನ್ನು ಇಡೀ ಕಂಪನಿಯ ಖರ್ಚಾಗಿ ಮಾಡಿದರೆ ಯಾವ ಟೀಮಿಗೂ ಹೊರೆಯಾಗದು.

“ಇದೆಲ್ಲ ಎಚ್‌ಆರ್‌ನವರ ಕೆಲಸ ಅಲ್ವೇನಮ್ಮಾ?” ಅಂದರು ನಮ್ಮ ಡೈರೆಕ್ಟರ್.

“ದುಡ್ಡು ಹೋಗೋದು ನಮ್ಮ ಶೀಟಿಂದ ತಾನೇ, ಸರ್?” ಅಂದೆ.

ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದರು. ಏಳರ ನಂತರ ಕೆಲಸ ಮಾಡುವ ಯಾರಿಗಾದರೂ ಕ್ಯಾಬ್ ಅಂತ ಒಪ್ಪಿದರು. ಒಂದು ಟ್ರೈನಿಂಗ್ ಬೆಂಗಳೂರಿಗೇ ಬಂತು. ಹೆರಿಗೆ ರಜೆಯ ವಿಷಯ ‘ಮುಂದಿನ ವರ್ಷ ನೋಡೋಣ’ ಅಂತ ಉಳಿದಿದೆ. ಗೆಳತಿಯ ಕೈತಪ್ಪಿದ ಪ್ರಮೋಷನ್ ಮಾತ್ರ ಯಾವ ಕಾಲಂನಲ್ಲೂ ವಾಪಸ್ ಬರಲಿಲ್ಲ.

ನೀವು ಅಕೌಂಟ್ಸ್‌ನಲ್ಲೇ ಇರಬೇಕಿಲ್ಲ. ನಿಮ್ಮ ಟೀಮಿನ ಮುಂದಿನ ಬಜೆಟ್ ಮೀಟಿಂಗ್‌ನಲ್ಲಿ ಒಂದೇ ಒಂದು ಖರ್ಚಿನ ಬಗ್ಗೆ ಕೇಳಿ ನೋಡಿ: ಹೋದ ವರ್ಷ ಇದು ಯಾರಿಗೆ ತಲುಪ್ತು?